ಸಾಕ್ಷಿ ಕೇಳಿದ ಮಗಳು

ಅರವತ್ತು ದಾಟಿದ ಮೇಲೆ ಒಜೆಲಾ ಥಿಗ್‌ಪೆನ್‌ಗೆ ಕಾಲೇಜು ಸೇರುವ ಹುಕಿ ಬಂತು. ಕಪ್ಪು ಜನರ ಮೆಥಡಿಸ್ಟ್ ಚರ್ಚು ನಡೆಸುತ್ತಿದ್ದ ಆ ಪುಟ್ಟ ಕಾಲೇಜು ಅಲಬಾಮಾದ ಅವಳ ಮನೆಯಿಂದ ಕೂಗಳತೆಯಲ್ಲಿತ್ತು. ತೊಂದರೆ ಒಂದೇ. ಅಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವಳು ಅವಳ ಸ್ವಂತ ಮಗಳು, ಡಾಕ್ಟರ್ ಕಾರ್ಲಿಸ್.

ಮೊದಲ ದಿನ ಒಜೆಲಾ ಭಾನುವಾರ ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಳು.

"ಮಿಸೆಸ್ ಥಿಗ್‌ಪೆನ್, ಟೋಪಿ ತೆಗೀರಿ. ಹಿಂದಿನವರಿಗೆ ಬೋರ್ಡು ಕಾಣ್ತಿಲ್ಲ."

"ದೇವರ ಮುಂದೇನೇ ತೆಗೆಯದ ಟೋಪಿ ಕಣೇ ಇದು!"

"ದೇವರು ಬೋರ್ಡು ನೋಡಿ ಬರ್ಕೋಬೇಕಾಗಿಲ್ಲ."

ಹುಡುಗರು ಮೇಜು ಬಡಿದು ನಕ್ಕರು. ಒಜೆಲಾ ಮುಖ ಊದಿಸಿಕೊಂಡು ಟೋಪಿ ತೆಗೆದಳು.

ಊರಿನ ಚರಿತ್ರೆಯ ಒಂದು ಘಟನೆ ಬರೆದು ತನ್ನಿ ಎಂದಾಗ ಮಾತ್ರ ಆ ಮುಖ ಅರಳಿತು. ಬಿಳಿಯರಿಗಷ್ಟೇ ಊಟ ಬಡಿಸುತ್ತಿದ್ದ ಅಂಗಡಿಯಲ್ಲಿ ಹೋಗಿ ಕೂತಿದ್ದಕ್ಕೆ ಹಿಂದೆ ಇದೇ ಕಾಲೇಜಿನ ಹುಡುಗರು ಜೈಲು ಸೇರಿದ್ದರು. ಚರ್ಚಿನ ಹೆಂಗಸರು ಅವರಿಗಾಗಿ ಕೋಳಿ ಕರಿದರು. ಆ ಬುಟ್ಟಿಯನ್ನು ಪೊಲೀಸರ ಎದುರೇ ಹೊತ್ತೊಯ್ದವಳು ಪುಟ್ಟ ಒಜೆಲಾ! ಹಾಗೆಂದೇ ಬರೆದು ತಂದಳು. ಈ ಕಥೆ ಕೇಳಿಯೇ ಬೆಳೆದಿದ್ದ ಕಾರ್ಲಿಸ್, ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಳು: ಸಾಕ್ಷಿ ಎಲ್ಲಿ?

"ಸಾಕ್ಷಿ ನಾನೇ!"

"ಇನ್ನೊಬ್ಬರು ಬೇಕು, ಮಿಸೆಸ್ ಥಿಗ್‌ಪೆನ್."

ಒಜೆಲಾ ದುಮುಗುಟ್ಟುತ್ತ ಚರ್ಚಿನವರೆಲ್ಲ ಸಿಸ್ಟರ್ ಎಂದೇ ಕರೆಯುವ ಯೂಫೀಮಿಯಾಳ ಮನೆಗೆ ಹೋದಳು. ಅಂದು ಕೋಳಿ ಕರಿದವರಲ್ಲಿ ಉಳಿದಿದ್ದವಳು ಈ ಮುದುಕಿಯೊಬ್ಬಳೇ.

"ಬುಟ್ಟಿ ಹೊತ್ತಿದ್ದು ನೀನಾ?" ಯೂಫೀಮಿಯಾ ಕೆಮ್ಮು ಬರುವ ತನಕ ನಕ್ಕಳು. "ಪೊಲೀಸರ ನಾಯಿ ನೋಡಿ ಬೋ ಅಂತ ಅತ್ತೆಯಲ್ಲೇ! ಒಂದು ಕಂಕುಳಲ್ಲಿ ನಿನ್ನ, ಇನ್ನೊಂದು ಕೈಲಿ ಬುಟ್ಟಿನ ಹೊತ್ತವಳು ನಾನು ಕಣಮ್ಮಾ. ಕೈಗೊಂದು ಕೋಳಿ ತೊಡೆ ಕೊಟ್ಟ ಮೇಲೇ ನೀನು ಬಾಯಿ ಮುಚ್ಚಿದ್ದು."

ಒಜೆಲಾ ಕೆಲವು ದಿನ ಪೆನ್ನು ಮುಟ್ಟಲಿಲ್ಲ. ಆಮೇಲೆ ಇದ್ದದ್ದನ್ನು ಇದ್ದ ಹಾಗೇ ಬರೆದಳು, ಕೋಳಿ ತೊಡೆಯನ್ನೂ ಬಿಡದೆ.

ಕಾರ್ಲಿಸ್ ಅದನ್ನು ತರಗತಿಗೆ ಓದಿ ಹೇಳಿದಳು. ತೊಡೆಯ ಸಾಲಿಗೆ ಬಂದಾಗ ಹಾಳೆ ಕೆಳಗಿಟ್ಟಳು. ಮೇಜಿಗೊರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅವಳು ನಕ್ಕಿದ್ದನ್ನು ಹುಡುಗರು ಕಂಡದ್ದು ಅದೇ ಮೊದಲು.

"ಇಷ್ಟು ವರ್ಷ ನನ್ನ ಯಾಮಾರಿಸಿದ್ಯಲ್ಲಮ್ಮಾ!"

"ನಾನೇ ಯಾಮಾರಿದ್ದೆ ಕಣೇ," ಎಂದಳು ಒಜೆಲಾ. ಅದು ಸುಳ್ಳಲ್ಲ. ಹೇಳಿ ಹೇಳಿ ಬುಟ್ಟಿಯ ಭಾರ ಅವಳ ತೋಳಿಗೇ ನೆನಪಾಗಿಬಿಟ್ಟಿತ್ತು.

ಮುಂದಿನ ವಾರ ಕಾರ್ಲಿಸ್ ಯೂಫೀಮಿಯಾಳನ್ನೇ ತರಗತಿಗೆ ಕರೆತಂದಳು. ಜೈಲಿನ ಕಿಟಕಿಯಿಂದ ಕೈ ಚಾಚಿದ್ದವರ ಹೆಸರುಗಳನ್ನು ಮುದುಕಿ ಒಂದೊಂದಾಗಿ ಹೇಳಿದಳು. ಎಲ್ಲರೂ ಸದ್ದಿಲ್ಲದೆ ಬರೆದುಕೊಂಡರು. ಒಜೆಲಾ ಮಾತ್ರ ನಡುನಡುವೆ ಕೈಯೆತ್ತಿ, "ಸ್ವಲ್ಪ ನಿಧಾನ, ಸಿಸ್ಟರ್" ಎನ್ನುತ್ತಿದ್ದಳು.