ಇದ್ದಿಲ ಗೀಟಿನ ಮೊಟ್ಟೆಗಳು

ಚಳಿ ಕಾಲು ಕಿತ್ತಿತ್ತು, ಸೆಕೆ ಇನ್ನೂ ಹೊಸಿಲು ದಾಟಿರಲಿಲ್ಲ. ಕೋಳಿಯನ್ನು ಕಾವಿಗೆ ಕೂರಿಸಲು ಅದೇ ಹದ. ಅಂಗಳದಲ್ಲಿ ಬಡಗಿ ಬಾಗಿಲಿನ ಹಲಗೆ ಹೆರೆಯುತ್ತಿದ್ದ. ಸುರುಳಿಯಾಗಿ ಬಿದ್ದ ಮರದ ಸಿಪ್ಪೆಯನ್ನು ಅವನ ಹೆಂಡತಿ ಬಾಚಿ, ಪಕ್ಕದ ಮನೆಯ, ಕೋಳಿ ಸಾಕುವ ಅಜ್ಜಿಯ ಮೊಟ್ಟೆ ಬುಟ್ಟಿಗೆ ಹಾಸಿದಳು. ಅಜ್ಜಿಯದು ತಗಡಿನ ಸೂರು. ಮಧ್ಯಾಹ್ನವಾದರೆ ಒಳಗೆಲ್ಲ ಕಾದ ಬಾಣಲೆ. ಹಾಗಾಗಿ ಮರಿ ಮಾಡಿಸಲು ಆರಿಸಿದ ಮೊಟ್ಟೆಗಳು ಪ್ರತಿ ವರ್ಷವೂ ಬಡಗಿಯ ಮನೆಯ ತಣ್ಣನೆಯ ಒಳಕೋಣೆಯಲ್ಲೇ ಇರುತ್ತಿದ್ದವು. ಒಂದೊಂದರ ಮೇಲೂ ಇದ್ದಿಲಿನ ಗೀಟು. ಗೀಟೆಳೆದದ್ದು ತಿನ್ನುವುದಕ್ಕಲ್ಲ.

"ನಿನ್ನ ಹತ್ರ ಇದ್ರೆ ಬ್ಯಾಂಕಲ್ಲಿಟ್ಟ ಹಾಗೆ ಕಣೇ," ಎಂದಳು ಅಜ್ಜಿ.

ಅಂದು ಸಂಜೆ ಬಡಗಿಯ ಹೆಂಡತಿಯ ನಾದಿನಿ ತನ್ನ ಗಂಡನ ಜೊತೆ ಊಟಕ್ಕೆ ಬರುವವಳಿದ್ದಳು. ತನ್ನ ಹಳೆಯ ಓವನ್ ಕೊಟ್ಟಿದ್ದ ಅವಳು ಹೋದ ಸಲ, "ಏನತ್ತಿಗೆ, ಮೇಲೆ ಬಟ್ಟೆ ಮಡಚಿಡೋಕೆ ಕೊಟ್ಟಿದ್ನಾ ಅದನ್ನ?" ಎಂದು ನಾಲ್ಕು ಜನರೆದುರು ನಕ್ಕಿದ್ದಳು. ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿದಿತ್ತು. ಬಡಗಿಯ ಹೆಂಡತಿ ಫೋನಿನಲ್ಲಿ ನೋಡಿ, ಪಾವ್ಲೋವಾ ಮಾಡಲು ಹೊರಟಳು. ಆಸ್ಟ್ರೇಲಿಯಾದವರು ನಾಲ್ಕು ಜನ ಸೇರಿದಾಗ ಮಾಡುವ ಸಿಹಿ ಅದು. ಮೊಟ್ಟೆಯ ಬಿಳಿಗೆ ಸಕ್ಕರೆ ಹಾಕಿ ನೊರೆ ಗಟ್ಟಿಯಾಗುವ ತನಕ ಕಡೆಯಬೇಕು, ಸಣ್ಣ ಶಾಖದಲ್ಲಿ ಒಣಗಿಸಿದಂತೆ ಬೇಯಿಸಬೇಕು, ಮೇಲೆ ಕೆನೆ, ಹಣ್ಣು.

ಹಳದಿಯ ಹನಿ ಬೆರೆತರೂ ನೊರೆ ಏಳುವುದಿಲ್ಲ. ಅಂಗಡಿಯ ಮೊಟ್ಟೆಗಳ ಬಿಳಿಯನ್ನೆಲ್ಲ ಅವಳು ಒಂದೇ ಪಾತ್ರೆಗೆ ಬಿಡುತ್ತಾ ಹೋದಳು. ಕೊನೆಯದರ ಹಳದಿ ಒಡೆದು ಎಲ್ಲವನ್ನೂ ಕೆಡಿಸಿತು. ರಟ್ಟೆ ಸೋಲುವ ತನಕ ಕಡೆದರೂ ನೀರು ನೀರೇ. ಅಂಗಡಿಯವನು ಮಧ್ಯಾಹ್ನದ ನಿದ್ದೆಗೆ ಬಾಗಿಲು ಹಾಕಿದ್ದ. ಒಳಕೋಣೆಯಲ್ಲಿದ್ದ ಅಜ್ಜಿಯ ಬುಟ್ಟಿ ಕಣ್ಣಿಗೆ ಬಿತ್ತು. ನಾಳೆ ಹೇಳಿದರಾಯಿತು, ಅಜ್ಜಿ ಏನು ಹೊರಗಿನವಳೇ? ಈ ಸಲ ಗೀಟಿನ ಮೊಟ್ಟೆ ಒಂದೊಂದನ್ನೂ ಬೇರೆ ಬಟ್ಟಲಿಗೆ ಒಡೆದು ನೋಡಿ ಬೆರೆಸಿದಳು. ನೊರೆ ಹತ್ತಿಯಂತೆ ಎದ್ದು ನಿಂತಿತು.

ಬೆಂದದ್ದು ಒಂದು ಬದಿ ಬಿರಿದಿತ್ತು; ಕೆನೆ ಮಾನ ಕಾಯಿತು. "ಅಬ್ಬಾ ಅತ್ತಿಗೆ, ಸೋತೆ!" ಎಂದು ನಾದಿನಿ ಮತ್ತೆ ಹಾಕಿಸಿಕೊಂಡಳು. ಬಡಗಿ ಒಂದು ತುಂಡನ್ನು ಅಜ್ಜಿಗೂ ಕೊಟ್ಟು ಬಂದ. ಬೇಲಿಯಾಚೆಯಿಂದ ಕೂಗು ಬಂತು: "ಏನೇ ಇದು, ಮೋಡ ತಿಂದ ಹಾಗಿದೆ! ಬಾಯಿಗಿಟ್ರೆ ಮಂಗಮಾಯ!"

ಬಡಗಿಯ ಹೆಂಡತಿ ತನ್ನ ಪಾಲನ್ನು ಗಂಡನ ತಟ್ಟೆಗೆ ಜಾರಿಸಿದಳು.

ಮರುದಿನ ಹೇಳಲು ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಅಜ್ಜಿಯ ಮೊಟ್ಟೆಗಳದೇ ಕಂದು ಬಣ್ಣದ ಮೊಟ್ಟೆ ಸಿಕ್ಕಿದ್ದು ಅವಳ ಗ್ರಹಚಾರ. ಫಾರಂ ಮೊಟ್ಟೆ, ಹುಂಜದ ಮುಖವನ್ನೇ ಕಾಣದ ಕೋಳಿ ಇಟ್ಟದ್ದು. ಎಷ್ಟು ಕಾವು ಕೊಟ್ಟರೂ ಮರಿಯಾಗದು. ಗೊತ್ತಿದ್ದೂ ಒಂದೊಂದಕ್ಕೂ ಇದ್ದಿಲಿನ ಗೀಟೆಳೆದಳು. ಮಂಜುಗಣ್ಣಿನ ಅಜ್ಜಿ ನಂಬಿ ಮಡಿಲಲ್ಲಿ ಒಯ್ದಳು; ಬುಟ್ಟಿ ಮುಂದಿನ ಸಲಕ್ಕೆಂದು ಒಳಕೋಣೆಯಲ್ಲೇ ಉಳಿಯಿತು.

ಅಜ್ಜಿಯ ಕೆಂಪು ಹೇಟೆ ಕೋಳಿ ಕಾವಿಗೆ ಕೂತಿತು. "ಎಂಥಾ ತಾಯಿ ನೋಡೇ, ಕಾಳು ಹಾಕಿದ್ರೂ ಏಳಲ್ಲ," ಎಂದು ಅಜ್ಜಿ ಕಂಡಾಗೆಲ್ಲ ಹೊಗಳುವಳು. ಇವಳು ಬೇಲಿಯ ಕಡೆ ಬಟ್ಟೆ ಹರವುವುದನ್ನೇ ಬಿಟ್ಟಳು.

ಮರಿಯೊಡೆಯುವ ಕಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಅಜ್ಜಿ ಅಂಗಳಕ್ಕೆ ಬಂದಳು. ಕಂಕುಳಲ್ಲಿ ಹುಂಜ, ಕೈಯಲ್ಲಿ ಮೊಂಡು ಕತ್ತಿ.

"ನಿನ್ನ ಗಂಡನ ಸಾಣೆಕಲ್ಲು ಕೊಡೇ. ಮೊಟ್ಟೆ ಒಡೆದ್ರೆ ಬರೀ ಕೊಳೆತ ನೀರು. ತಪ್ಪು ಇವನದೇ, ಮುದುಕನಾದ. ಕೂಗೋದೊಂದೇ ಜೋರು! ಇವತ್ತು ಇವನಿಗೆ ಒಲೆಯೇ ಗತಿ. ನಿನಗೂ ಒಂದು ಪಾಲು ಕಳಿಸ್ತೀನಿ."

ಹುಂಜ ಕತ್ತು ಓರೆ ಮಾಡಿ ಇವಳನ್ನೇ ನೋಡಿತು. ಎತ್ತಿಕೊಂಡ ಸಾಣೆಕಲ್ಲು ಇವಳ ಕೈಯಲ್ಲೇ ಉಳಿಯಿತು.

"ಅಜ್ಜೀ, ಅವನದಲ್ಲ ತಪ್ಪು. ನಂದು." ತಲೆ ಎತ್ತದೆ ಎಲ್ಲವನ್ನೂ ಹೇಳಿದಳು, ಗೀಟೆಳೆದದ್ದನ್ನೂ.

ಅಜ್ಜಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. "ಆ ಮೋಡ... ಅದೇನಾ?"

"ಹೂಂ."

"ನಂಗೂ ತಿನ್ನಿಸಿದ್ಯಲ್ಲೇ."

ಹುಂಜವನ್ನು ಕೆಳಗಿಳಿಸಿದಳು. ಅದು ಮೈ ಕೊಡವಿಕೊಂಡು ಮರದ ಸಿಪ್ಪೆ ಕೆದಕತೊಡಗಿತು.

"ಮರಿ ತಂದ್ಕೊಡ್ತೀನಿ ಅಜ್ಜಿ. ಎಲ್ಲಿಂದಾದ್ರೂ ತಂದ್ಕೊಡ್ತೀನಿ."

"ನಂಗೆ ತಂದ್ಕೊಡ್ತೀಯ, ಸರಿ," ಎಂದಳು ಅಜ್ಜಿ. "ಆ ಹೇಟೆ ಖಾಲಿ ಗೂಡಲ್ಲಿ ಇನ್ನೂ ಕೂತವಳೆ. ಎಬ್ಬಿಸಿದ್ರೆ ಕುಕ್ಕೋಕೆ ಬರ್ತಾಳೆ. ಅವಳಿಗೇನು ಕೊಡ್ತೀಯೇ?"

ಅಜ್ಜಿ ಒಳಕೋಣೆಗೆ ಹೋಗಿ, ತನ್ನ ಬುಟ್ಟಿಯನ್ನು ತಾನೇ ಎತ್ತಿಕೊಂಡು ಹೊರಟಳು.