ಮೂವತ್ತು ನಲವತ್ತರ ಹೊಲ

“ಏನ್ ಶಿವಕ್ಕ, ನೀವೂನಾ? ಇಷ್ಟು ದೊಡ್ಡದಾಗಿ ಬರೆಸಿ ಹಾಕಿದೀನಿ, ಕಣ್ಣಿಗೆ ಬೀಳಲ್ವಾ?”

ಸ್ಕೂಟರಿನಿಂದ ಇಳಿಯುವ ಮೊದಲೇ ವೆಂಕಟಗಿರಿ ಕೂಗಿದ್ದರು. ಹೇರೋಹಳ್ಳಿಯ ಆ ಮೂವತ್ತು ನಲವತ್ತರ ಖಾಲಿ ಸೈಟು ಅವರದು. ಎರಡು ಬೇವಿನ ಗಿಡಗಳ ನಡುವೆ ಕಟ್ಟಿದ ಫ್ಲೆಕ್ಸಿನಲ್ಲಿ ‘ಇಲ್ಲಿ ಕಸ ಹಾಕಬೇಡಿ’ ಎಂದು ಕೆಂಪಕ್ಷರ. ಅದರ ಬುಡದಲ್ಲೇ ಎದುರುಮನೆಯ ಶಿವಕ್ಕ ಬುಟ್ಟಿ ಹಿಡಿದು ನಿಂತಿದ್ದಳು. ಬಲಗೈಯಲ್ಲಿ ಒಂದು ಹಿಡಿ ಅನ್ನ.

“ಕಸ ಅಲ್ರೀ ಸರ, ಚರಗ! ಇವತ್ತು ಎಳ್ಳಮಾಸಿ. ಭೂಮಿತಾಯಿ ಬಸುರಿ ಅದಾಳ. ಬಯಕಿ ಊಟ ಹಾಕಬ್ಯಾಡೇನು?”

“ನನ್ನ ಸೈಟು ಬಸುರೀನಾ?”

ಗದಗದ ಕಡೆಯ ಶಿವಕ್ಕ ಈ ಊರಿಗೆ ಬಂದಮೇಲೆ, ಹೊಲದ ನಾಲ್ಕೂ ಮೂಲೆಗೆ ಚೆಲ್ಲಬೇಕಾದ ಚರಗವನ್ನು ಟೆರೇಸಿನ ಹೂಕುಂಡಕ್ಕೇ ಹಾಕುತ್ತಿದ್ದಳು. ನರ್ಸರಿಯಿಂದ ಚೀಲದಲ್ಲಿ ಬಂದ ಮಣ್ಣಿಗೆ ಎಂಥ ಬಯಕೆ ಎಂಬ ಕೊರಗು ಮಾತ್ರ ಹೋಗಿರಲಿಲ್ಲ. ಬೀದಿಯಲ್ಲಿ ಇನ್ನೂ ಉಳಿದಿದ್ದ ಬರಿನೆಲ ಇದೊಂದೇ.

“ನಾಳೆ ಜೆಸಿಬಿ ಬರ್ತಾ ಇದೆ ಶಿವಕ್ಕ. ಪಾಯ ತೆಗೀತಾರೆ.”

“ಹಂಗಾರ ಇವತ್ತರ ಹೊಟ್ಟಿ ತುಂಬ ಉಣ್ಲಿ ಬಿಡ್ರಿ, ಪಾಪ.”

ವೆಂಕಟಗಿರಿ ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಹತ್ತಿರ ಬಂದರು. ಬುಟ್ಟಿಯತ್ತ ಬಗ್ಗಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಮಧ್ಯಾಹ್ನದ ಹಸಿವಿಗೆ ಆ ವಾಸನೆ ನೆಟ್ಟಗೆ ತಾಗಿತು.

“ಸರಿ, ಹಾಕಿ. ಬೇಗ.”

“ಸುಮ್ಮನ ಹಾಕಾಕ ಬರಂಗಿಲ್ರೀ. ನಾ ‘ಹುಲ್ಲುಲ್ಲಿಗೋ’ ಅಂದ್ರ ಹಿಂದ ಯಾರರ ‘ಚಳ್ಳಂಬ್ರಿಗೋ’ ಅಂತ ಓಗೊಡಬೇಕು. ಇಲ್ಲಾಂದ್ರ ಆಕಿ ಉಣ್ಣಂಗಿಲ್ಲ. ನಮ್ಮ ಮೊಮ್ಮಗಳು ನೋಡ್ರಿ, ಕಾರಿನ ಹಿಂದ ಅಡಗ್ಯಾಳ.”

“ಅಜ್ಜೀ, ಪ್ಲೀಸ್. ಎಲ್ರೂ ನೋಡ್ತಾ ಇದಾರೆ,” ಎಂದಳು ಕಾಲೇಜಿನ ಶರಣ್ಯಾ, ಕಾರಿನ ಹಿಂದಿನಿಂದಲೇ.

“ನೀವಽ ಅನ್ರಿ ಸರ. ನೆಲ ನಿಮ್ಮದು.”

ಶಿವಕ್ಕ ಮೂಡಣಕ್ಕೆ ಮುಖ ಮಾಡಿ, “ಹುಲ್ಲುಲ್ಲಿಗೋ!” ಎಂದು ಕೂಗಿದಳು. ಕರೆಂಟ್ ತಂತಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು.

“ಚಳ್ಳಂಬ್ರಿಗೋ,” ಎಂದರು ವೆಂಕಟಗಿರಿ, ಬ್ಯಾಂಕಿನಲ್ಲಿ ಟೋಕನ್ ನಂಬರು ಕರೆದಂತೆ.

“ಮನ್ಯಾಗ ನಿಮಗ ಕೂಳು ಹಾಕಿಲ್ಲೇನ್ರಿ? ಗಟ್ಟಿಯಾಗಿ!”

ಎರಡನೆಯ ಮೂಲೆಗೆ ದನಿ ಏರಿತು. ಮೂರನೆಯದಕ್ಕೆ ಅವರು ಹೆಲ್ಮೆಟ್ ತೆಗೆದು, ಎದೆಯುಬ್ಬಿಸಿ ಕೂಗಿದರು. ಕಾರಿನ ಹಿಂದೆ ನಗು ಕೇಳಿಸಿತು.

ನಾಲ್ಕನೆಯ ಮೂಲೆಯಲ್ಲಿ ಅವರಿನ್ನೂ ಬಾಯಿ ತೆರೆದಿರಲಿಲ್ಲ.

“ಚಳ್ಳಂಬ್ರಿಗೋ!”

ಪಕ್ಕದ ಕಟ್ಟಡದ ಟೆರೇಸಿನಲ್ಲಿ, ಒಣಹಾಕಿದ ಸೀರೆಗಳ ನಡುವಿನಿಂದ ಯಾರೋ ಹೆಂಗಸು. ಶಿವಕ್ಕನ ಕೈ ಗಾಳಿಯಲ್ಲೇ ನಿಂತಿತು.

“ಯಾವೂರಾಕಿ ಬೇ ನೀ?”

“ಕೊಪ್ಪಳ ಕಡೇದಾಕಿ ಬೇ ಯಕ್ಕಾ! ಬಂದೆ ತಡಿ, ನಂದೂ ಚರಗ ಐತಿ!”

“ರೊಟ್ಟಿ ಆರಾಕತ್ತಾವು, ಲಗೂನ ಇಳಿ!” ಎಂದ ಶಿವಕ್ಕ ಎಲ್ಲರೂ ಕೂತು ಉಣ್ಣಲು ಜಾಗ ಹುಡುಕಿದಳು. ಎಲ್ಲೆಲ್ಲೂ ಜಲ್ಲಿ, ಮುಳ್ಳು.

ವೆಂಕಟಗಿರಿ ಬೇವಿನ ಗಿಡದತ್ತ ನಡೆದು ಫ್ಲೆಕ್ಸಿನ ಒಂದು ಗಂಟು ಬಿಚ್ಚತೊಡಗಿದರು. ಇನ್ನೊಂದು ಗಂಟು ಬಿಚ್ಚಲು ಶರಣ್ಯಾ ಕಾರಿನ ಹಿಂದಿನಿಂದ ಎದ್ದು ಬಂದಳು. ಇಬ್ಬರೂ ಆಚೀಚೆ ಹಿಡಿದು, ಕೆಂಪಕ್ಷರ ನೆಲಕ್ಕೆ ಬರುವಂತೆ ಮಗುಚಿ ಹಾಸಿದರು.