ಮುದ್ದೆಯೊಳಗಿನ ಮಾತ್ರೆ

ಅತ್ತೆ ಮುನಿಯಮ್ಮ ಸಾರಿನ ಪಾತ್ರೆಯ ಕಡೆ ತಿರುಗಿದ ಹೊತ್ತು ನೋಡಿ ಲತಾಮಣಿ ಗಂಡನ ತಟ್ಟೆಯ ಮುದ್ದೆಗೆ ಮಾತ್ರೆ ಒತ್ತಿದಳು. ಬೆರಳಿಗೆ ನೀರು ಮುಟ್ಟಿಸಿಕೊಂಡು ಮೇಲೆ ಸವರಿದಳು. ಏಳು ವರ್ಷದಿಂದ ನಡೆದುಬಂದ ಕೆಲಸ. ಮಗನಿಗೂ ಸೊಸೆಗೂ ಎಚ್‌ಐವಿ ಇದೆಯೆಂದು ಮುದುಕಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ನುಂಗುತ್ತಾರೆ. ಅನಂತರಾಜು ತನ್ನ ಕಡೆಯ ಅಂಚಿನ ತುತ್ತನ್ನು ಮೊದಲು ಮುರಿದು, ಸಾರಿಗೆ ಅದ್ದಿ ಗುಳುಂ ಅನ್ನಿಸಿದರೆ ಆ ದಿನದ ಔಷಧಿ ಮುಗಿಯಿತು. ಒಳಗೇನಿದೆ ಎಂದು ಅವನು ಒಂದು ದಿನವೂ ನೋಡಿದವನಲ್ಲ.

ಇವತ್ತು ಒಳಗಿದ್ದದ್ದು ಅವನ ಮಾತ್ರೆಯಲ್ಲ, ಅವಳದು.

ಇದಕ್ಕೆಲ್ಲ ಕಾರಣ ಅವನ ಕೆನ್ನೆ. ತಿಂಗಳ ಹಿಂದೆ ಎಚ್‌ಐವಿಗೆ ಔಷಧಿ ಕೊಡುವ ರಾಮನಗರದ ಎ.ಆರ್.ಟಿ. ಕೇಂದ್ರಕ್ಕೆ ಒಬ್ಬನೇ ಹೋಗಿದ್ದವನು, ಇಬ್ಬರೂ ದಿನಕ್ಕೊಂದು ನುಂಗುತ್ತಿದ್ದ ಒಂದೇ ಬಗೆಯ ಮಾತ್ರೆಯ ಬದಲು ತನಗೆ ಬೇರೆ ಎರಡು ತಂದಿದ್ದ. "ಹೊಸಾದು ಬಂದೈತೆ ಕಣಮ್ಮಿ. ಗಂಡಸ್ರಿಗೆ ಮೊದ್ಲಂತೆ. ನಿಂಗೂ ಕೊಡ್ತಾರೆ ಬುಡು" ಅಂದಿದ್ದ. ಅಲ್ಲಿಂದ ಮುಂದೆ ಅವನ ಮೈ ತುಂಬಿತು, ಕೆನ್ನೆ ಉಬ್ಬಿತು. ಹಾಸಿಗೆಗೆ ಬಿದ್ದರೆ ಗೊರಕೆ. ಸಾಲದ್ದಕ್ಕೆ ಕನ್ನಡಿ ಮುಂದೆ ನಿಂತು ಮೀಸೆಗೆ ಬಣ್ಣ ಬೇರೆ ಬಳಿಯತೊಡಗಿದ.

"ನನ್ ಮಗ ಮದ್ವೆ ಗಂಡಾದಂಗ್ ಆಗವ್ನೆ. ನೀನ್ಯಾಕವ್ವ ಹಿಂಗ್ ಒಣಗೋಯ್ತಿದ್ದೀಯೆ?" ಎಂದು ಮುನಿಯಮ್ಮ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

ಲತಾಮಣಿಗೆ ಹಳೆಯ ಮಾತ್ರೆ ನುಂಗಿದ ಮೇಲೆ ಕಣ್ಣು ಮುಚ್ಚಿದರೆ ಕೆಟ್ಟ ಕನಸು, ಬೆಳಿಗ್ಗೆ ಎದ್ದರೆ ತಲೆಸುತ್ತು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ ಅವಳದು. ಕುದಿಯುವ ನೀರಿನ ಮುಂದೆ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು. ಅದೇ ಹಳೆಯದು ಅವನಿಗೆ ಏಳು ವರ್ಷದಲ್ಲಿ ಒಂದು ಆಕಳಿಕೆಯಷ್ಟೂ ತೊಂದರೆ ಕೊಟ್ಟಿರಲಿಲ್ಲ. ಟೆಂಪೋ ಓಡಿಸಿಕೊಂಡು ಊರೂರು ಸುತ್ತಿ ಕಾಯಿಲೆ ತಂದವನು ಅವನು. ತಂದವನಿಗೆ ಹೊಸದು, ಮನೆಯಲ್ಲೇ ಕೂತು ಪಡೆದವಳಿಗೆ ಹಳೆಯದು! ಅವಳಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ, ಗಂಡ ಚೆನ್ನಾಗಿರುವುದನ್ನು ನೋಡಿಯೇ ಉರಿಯಿತು.

ಅವನು ತುತ್ತು ನುಂಗಿ "ಸಾರು ಚೆನ್ನಾಗೈತೆ" ಅಂದ. ಲತಾಮಣಿ ಅವನ ಎರಡು ಮಾತ್ರೆಗಳನ್ನು ತನ್ನ ತುತ್ತಿನೊಳಗೆ ಸೇರಿಸಿ ನುಂಗಿದಳು.

ಎರಡು ತಿಂಗಳು ಹೀಗೇ ನಡೆಯಿತು. ಕನಸುಗಳು ದೂರವಾದವು. ಬೆಳಿಗ್ಗೆ ಎದ್ದರೆ ನೆಲ ನೆಲದ ಹಾಗೇ ಇರುತ್ತಿತ್ತು. ಜೊತೆ ಕೆಲಸದ ಚಿನ್ನಮ್ಮ "ಏನವ್ವ, ಮಕ ಹಿಂಗ್ ಹೊಳೀತೈತೆ?" ಎಂದು ಕೆಣಕಿದಾಗ ಅವಳು ಎಷ್ಟೋ ವರ್ಷದ ಮೇಲೆ ನಾಚಿಕೊಂಡಳು. ಅತ್ತ ಅನಂತರಾಜು ಸುಸ್ತು ಎನ್ನುತ್ತಿದ್ದ, ಸಂಜೆಗೆ ಕಾಲು ಊದಿದೆ ಎನ್ನುತ್ತಿದ್ದ. ಒಸಿ ಅನುಭವಿಸಲಿ ಅಂದುಕೊಂಡಳು.

ಮೂರನೆಯ ತಿಂಗಳು ಇಬ್ಬರೂ ಒಟ್ಟಿಗೆ ರಾಮನಗರಕ್ಕೆ ಹೋದರು. ಡಾಕ್ಟರ್ ಸುಮನಾ ಅವನ ರಕ್ತಪರೀಕ್ಷೆಯ ಹಾಳೆಯನ್ನು ಎರಡು ಸಲ ನೋಡಿದರು.

"ಅನಂತರಾಜು, ನಿಮ್ಮ ಕಿಡ್ನಿಗೆ ತೊಂದರೆ ಆಗ್ತಿದೆ ಅಂತಲೇ ಅಲ್ವಾ ನಾನು ಹಳೇ ಮಾತ್ರೆ ನಿಲ್ಲಿಸಿದ್ದು? ಈ ಹೊಸ ಮಾತ್ರೆ ಕಿಡ್ನಿಗೆ ಏನೂ ಮಾಡಬಾರದು. ಆದರೂ ಇನ್ನೂ ಕೆಟ್ಟಿದೆಯಲ್ಲ?"

ಲತಾಮಣಿ ಗಂಡನ ಕಡೆ ತಿರುಗಿದಳು. "ಕಿಡ್ನಿನಾ?"

ಅವನು ಕತ್ತು ಕೆರೆದುಕೊಂಡ. "ನಿಂಗ್ಯಾಕೆ ಅಂತ ಏಳ್ನಿಲ್ಲ. ಮೊದ್ಲೇ ನಿದ್ದೆ ಬರಾಕಿಲ್ಲ ನಿಂಗೆ."

"ಮಾತ್ರೆ ತಪ್ಪಿಸ್ತಿದ್ದೀರಾ?" ಎಂದರು ಡಾಕ್ಟರ್.

"ಒಂದಿನಾನೂ ಇಲ್ಲ ಮೇಡಂ. ನಮ್ಮನೇವ್ಳೇ ಕೈಯಾರೆ ಕೊಡ್ತಾಳೆ. ಬೇಕಾರೆ ಕೇಳಿ." ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಾದರೆ ಇದೂ ನಿಮಗೆ ಒಗ್ಗುತ್ತಿಲ್ಲವೇನೋ. ನಿಲ್ಲಿಸಿ ಬೇರೆ ಯೋಚನೆ ಮಾಡಬೇಕು. ಬೆಂಗಳೂರಿಗೆ ಬರೆದುಕೊಡ್ತೀನಿ." ಡಾಕ್ಟರ್ ಪೆನ್ನು ತೆಗೆದರು.

ಲತಾಮಣಿ ಆ ಪೆನ್ನನ್ನೇ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿದ್ದರೆ ಅವನಿಗೆ ಸರಿಹೋಗುವ ಔಷಧಿಯೇ ತಪ್ಪಿಹೋಗುತ್ತಿತ್ತು.

"ಅವ್ರು ಅದ್ನ ನುಂಗೇ ಇಲ್ಲ ಮೇಡಂ. ಎರಡ್ ತಿಂಗ್ಳಿಂದ ಅವ್ರು ನುಂಗಿರೋದು ನಂದು. ಅವ್ರುದು ನಾನ್ ತಿಂದಿವ್ನಿ."

"ಯಾಕಮ್ಮ?"

"ಹೊಟ್ಟೆಕಿಚ್ಚು."

ಡಾಕ್ಟರ್ ಮಾಸ್ಕ್ ಕೆಳಗೆಳೆದು ಅವಳನ್ನೇ ನೋಡಿದರು. "ಅವರ ಮಾತ್ರೆ ನಿಮಗೆ ಅಲರ್ಜಿ ಆಗಿದ್ದರೆ ಜೀವ ಹೋಗ್ತಿತ್ತು, ಗೊತ್ತಾ? ನಿಮಗೇನು ತೊಂದರೆ ಇತ್ತು?"

ಅವಳು ಕನಸಿನ ವಿಷಯ, ತಲೆಸುತ್ತಿನ ವಿಷಯ ಹೇಳಿದಳು.

"ಇಷ್ಟು ವರ್ಷದಲ್ಲಿ ಒಂದು ಸಲ ನನಗೆ ಹೇಳಿದ್ರಾ? ಹೇಳಿದ್ದರೆ ನಿಮಗೂ ಬದಲಾಯಿಸ್ತಿದ್ದೆ. ನಿಮ್ಮ ಕಿಡ್ನಿ ಚೆನ್ನಾಗಿದೆ, ಹೊಸದರಲ್ಲಿ ನಿಮಗೆ ದಿನಕ್ಕೆ ಒಂದೇ ಸಾಕು."

ಹೇಳಿರಲಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳಿದಾಗಲೆಲ್ಲ ತಲೆಯಾಡಿಸಿ, ಊರಿನವರು ಯಾರಾದರೂ ನೋಡಿಯಾರೆಂದು ಬಸ್ಸಿಗೆ ಓಡುತ್ತಿದ್ದಳು. ಡಾಕ್ಟರ್ ಅವಳಿಗೆ ಹೊಸ ಮಾತ್ರೆ ಬರೆದರು, ಅವನಿಗೆ ಅವನದನ್ನೇ ಮತ್ತೆ ಬರೆದರು. ಹದಿನೈದು ದಿನ ಬಿಟ್ಟು ಅವನ ರಕ್ತ ನೋಡಬೇಕು; ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು.

ಚನ್ನಪಟ್ಟಣದ ಬಸ್ಸಿನಲ್ಲಿ ಅನಂತರಾಜು ಔಷಧಿಯ ಚೀಲ ಹಿಡಿದು ಕಿಟಕಿಯ ಪಕ್ಕ ಕೂತ. ಬೈದುಬಿಡಲಿ, ಎರಡು ಬಾರಿಸಲಿ ಎಂದು ಲತಾಮಣಿ ಕಾದಳು. ಬಸ್ಸು ರಾಮನಗರ ದಾಟಿತು.

"ನಿದ್ದೆ ಬಂತಾ?" ಎಂದ ಕೊನೆಗೆ.

"ಏನು?"

"ಆ ಎರಡ್ ತಿಂಗ್ಳು. ಚೆನ್ನಾಗ್ ನಿದ್ದೆ ಮಾಡ್ದಾ?"

"ಹೂಂ" ಅಂದಳು.

ಅವನು ತಲೆಯಾಡಿಸಿ ಹೊರಗೆ ನೋಡಿದ. ಕೆಂಗಲ್ ಬಂದಿತ್ತು. ಬಸ್ಸಿನವರೆಲ್ಲ ಆಂಜನೇಯನ ಗುಡಿಯ ಕಡೆಗೆ ಕೈ ಎತ್ತಿದರು. ಅವನೂ ಚೀಲವನ್ನು ಅವಳ ಮಡಿಲಿಗಿಟ್ಟು ಕೈ ಮುಗಿದ. ಬಸ್ಸು ಕುಲುಕಿದಾಗ ಡಬ್ಬಿಗಳೊಳಗೆ ಮಾತ್ರೆಗಳು ಗಲಗಲ ಎಂದವು. ಪಕ್ಕದ ಸೀಟಿನವರಿಗೆ ಕೇಳಿಸದಂತೆ ಅವಳು ಚೀಲವನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. ಗುಡಿ ಹಿಂದಾಗುವವರೆಗೂ ಅವಳಿಗೆ ಕೈ ಮುಗಿಯಲು ಆಗಲಿಲ್ಲ.